ಸುಗ್ರಾಬಿ ಕುಡಿಯದ ನೀರು

ಮುಂಡರಗಿಯಲ್ಲಿ ಕಲಾಯಿ ಮಕ್ತುಮಸಾಬನನ್ನು ಅರಿಯದ ಮನೆ ಇರಲಿಲ್ಲ. ಬಜಾರದ ತುದಿಯ ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿ, ಇದ್ದಲಿ ತುಂಬಿ, ತಿದಿ ಒತ್ತುತ್ತ ಕೂತನೆಂದರೆ ಊರ ಹಿತ್ತಾಳೆ, ತಾಮ್ರಗಳೆಲ್ಲ ಅವನೆದುರು ಬಂದು ಸಾಲುಗಟ್ಟುತ್ತಿದ್ದವು. ನವಸಾಗರದ ಹೊಗೆಗೆ ಉಳಿದವರು ಕೆಮ್ಮುತ್ತ ದೂರ ಸರಿದರೆ, ಅವನು ಕಾದ ಪಾತ್ರೆಯೊಳಗೆ ತವರ ಸವರಿ, ಅರಳೆಯಿಂದ ಒರೆಸಿ, ಒಮ್ಮೆ ಬಿಸಿಲಿಗೆ ಹಿಡಿದು ನೋಡಿ, ಮಾತಿಲ್ಲದೆ ಬದಿಗಿಡುತ್ತಿದ್ದ. ಒಳ್ಳೆಯ ಕೆಲಸಗಾರ, ಒಳ್ಳೆಯ ಮನುಷ್ಯ. ಮಾತು ಮಾತ್ರ ಹೊಟ್ಟೆಯಿಂದ ಗಂಟಲಿಗೆ ಬರುವಷ್ಟರಲ್ಲಿ ಆರಿಹೋಗುತ್ತಿತ್ತು. ಕಡಿಮೆ ಮಾತಿನವನನ್ನು ನಮ್ಮ ಜನ ಗಂಭೀರ ಮನುಷ್ಯನೆಂದು ಹೊಗಳುತ್ತಾರೆ. ಆಡಲೇಬೇಕಾದ ಕಡೆಯೂ ಬಾಯಿ ಬಿಡದವನನ್ನು ಏನೆಂದು ಕರೆಯಬೇಕೋ ನನಗಂತೂ ತಿಳಿಯದು.

ರಮಜಾನ ತಿಂಗಳಲ್ಲಿ ಅವನು ರೋಜಾ ಹಿಡಿಯುತ್ತಿರಲಿಲ್ಲ. ಹುಡುಗನಿದ್ದಾಗ ಹಿಡಿದು ನೋಡಿದ್ದ. ಕುಲುಮೆಯ ಮುಂದೆ ನಡುಮಧ್ಯಾಹ್ನ ಕಣ್ಣು ಕತ್ತಲಿಟ್ಟು ಕಾದ ಹಂಡೆಯ ಮೇಲೆ ಬಿದ್ದು ಮುಂಗೈ ಸುಟ್ಟುಕೊಂಡಿದ್ದ. ಅಂದಿನಿಂದ ಗಿಡದ ಹಿಂದೆ ಒಂದು ತಂಬಿಗೆ ನೀರು ಇದ್ದೇ ಇರುತ್ತಿತ್ತು. ಓಣಿಗೆಲ್ಲ ಗೊತ್ತಿತ್ತು, ಯಾರೂ ಎದುರಿಗೆ ಆಡುತ್ತಿರಲಿಲ್ಲ. ಹೆಂಡತಿ ಸುಗ್ರಾಬಿ ಮಾತ್ರ ಲಗ್ನವಾಗಿ ಬಂದ ವರ್ಷದಿಂದ ತಿಂಗಳು ಪೂರ್ತಿ ಹಿಡಿದವಳು. ಹೆಂಗಸರಿಗೆ ಬಿಡಬೇಕಾಗಿ ಬರುವ ದಿನಗಳನ್ನೂ ಮುಂದಿನ ತಿಂಗಳಲ್ಲಿ ತೀರಿಸಿಬಿಡುತ್ತಿದ್ದಳು. ಒಮ್ಮೆ ಅವಳು ರೊಟ್ಟಿ ಬಡಿಯುತ್ತ, ತನ್ನಷ್ಟಕ್ಕೆ ಹೇಳಿಕೊಂಡವಳಂತೆ, “ಮನ್ಯಾಗ ಒಬ್ಬರರ ಹಿಡೀಬೇಕಲ್ರಿ” ಎಂದಿದ್ದಳು. ಕೊಂಕು ಇರಲಿಲ್ಲ ಅದರಲ್ಲಿ. ಕೊಂಕು ಇದ್ದಿದ್ದರೆ ಅವನು ಎರಡು ಮಾತು ಬೈದು ಹಗುರಾಗುತ್ತಿದ್ದ. ಇಲ್ಲದ್ದರಿಂದ ಆ ಮಾತು ಅವನ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತು.

೧೯೮೬ರಲ್ಲಿ ರಮಜಾನ ಸುಡುಬೇಸಿಗೆಯಲ್ಲಿ ಬಂತು. ಅದಕ್ಕೂ ಮೊದಲು, ಚಳಿಗಾಲದಲ್ಲೇ, ಸುಗ್ರಾಬಿಗೆ ಕಾಮಣಿಯಾಗಿತ್ತು. ಕಣ್ಣು, ಉಗುರು ಎಲ್ಲ ಅರಿಸಿನದ ಬಣ್ಣ. ಶಿರಹಟ್ಟಿಯಿಂದ ಸೊಪ್ಪಿನ ಔಷಧ ತಂದು ಕುಡಿಸಿದರು. ಅಷ್ಟು ದಿನವೂ ಅವಳನ್ನು ಒಳಕೋಣೆಯಲ್ಲಿಟ್ಟು, ಕೇಳಿದವರಿಗೆ ತವರಿಗೆ ಹೋಗಿದ್ದಾಳೆ ಎಂದು ಮಗಳು ಜನ್ನತಬಿ ಹೇಳುತ್ತಿದ್ದಳು. ಮುಚ್ಚಿಡಲು ಕಾರಣವಿತ್ತು. ಜನ್ನತಬಿಗೆ ಲಕ್ಷ್ಮೇಶ್ವರದ ಬಳೆ ಅಂಗಡಿಯ ಮರ್ದಾನಸಾಬನ ಮಗನೊಡನೆ ಮಾತಾಗಿತ್ತು. ರಮಜಾನ ಮುಗಿದ ಮೇಲೆ ನಿಕಾ. ಮರ್ದಾನಸಾಬನ ಮನೆಗೆ ಹಿಂದೆ ಬಂದ ಒಬ್ಬ ಸೊಸೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಎರಡು ಕೂಸುಗಳನ್ನು ಬಿಟ್ಟು ಸತ್ತಿದ್ದಳು. ಅವಳ ತಾಯಿಯೂ ಹಾಗೇ ಸತ್ತವಳೆಂದು ಆಮೇಲೆ ತಿಳಿದು ಮರ್ದಾನಸಾಬ ಕೆಂಡವಾಗಿದ್ದ. ಇನ್ನು ಮುಂದೆ ತಾಯಿಯನ್ನು ನೋಡದೆ ಹೆಣ್ಣು ತರುವುದಿಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗುವವನು ಅವನು. ಸುಗ್ರಾಬಿಯನ್ನು ನೋಡಿ, ಅವಳು ಎತ್ತಿ ತಂದ ತುಂಬಿದ ಕೊಡವನ್ನೂ ನೋಡಿ, ಒಪ್ಪಿದ್ದ.

ಕಣ್ಣು ತಿಳಿಯಾಯಿತು. ಬಲಪಕ್ಕೆಯ ಕೆಳಗಿನ ನೋವು ಮಾತ್ರ ಹೋಗಲಿಲ್ಲ. ಎಣ್ಣೆ ಕಂಡರೆ ಓಕರಿಕೆ. ರಮಜಾನ ಶುರುವಾದ ಮೇಲಂತೂ ನೋವು ಬಂದಾಗ ಗೋಡೆಗೆ ಬೆನ್ನು ಕೊಟ್ಟು, ಸೆರಗಿನ ತುದಿ ಕಚ್ಚಿಕೊಂಡು ಕೂತುಬಿಡುತ್ತಿದ್ದಳು. ರೋಜಾ ಬಿಡು, ಜಡ್ಡಾದವರಿಗೆ ಮಾಫಿ ಇದೆ, ಆಮೇಲೆ ಹಿಡಿದು ತೀರಿಸಬಹುದು ಎಂದು ಮಗಳು ಅಂಗಲಾಚಿದಳು. ಅದು ಸುಗ್ರಾಬಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಓಣಿಯಲ್ಲಿ ರೋಜಾ ಬಿಡುವುದೆಂದರೆ ಡಂಗುರ ಹೊಡೆಸಿದ ಹಾಗೆಯೇ. ಬೆಳಗಿನ ಜಾವ ಸಹರಿಯ ಊಟದ ಹೊತ್ತಿಗೆ ಯಾರ ಅಡಿಗೆಮನೆಯಲ್ಲಿ ದೀಪ ಹತ್ತಿತು, ಯಾರದು ಹತ್ತಲಿಲ್ಲ ಎಂಬುದು ಸೂರ್ಯ ಹುಟ್ಟುವ ಮೊದಲೇ ಎಲ್ಲರಿಗೂ ತಿಳಿದಿರುತ್ತಿತ್ತು. ನಾಲ್ಕಾರು ದಿನ ಹತ್ತದಿದ್ದರೆ ತಿಂಗಳ ಮುಟ್ಟು ಎಂದು ಸುಮ್ಮನಾಗುತ್ತಿದ್ದರು. ಹೆಚ್ಚಾದರೆ, ಜಡ್ಡೇನು ಎಂಬ ವಿಚಾರಣೆ. ಎದುರು ಮನೆಯ ರಸೂಲಬಿ ಮರ್ದಾನಸಾಬನಿಗೆ ದೂರದ ನೆಂಟಳು ಬೇರೆ. ಪಾಪದ ಹೆಂಗಸೇ, ಆದರೆ ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವಳಿಗೆ ಅನ್ನ ಅರಗುತ್ತಿರಲಿಲ್ಲ.

ಮುಂಡರಗಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಗದಗಕ್ಕೆ ಕಳಿಸಿದರು. ಓಣಿಗೆ ಲಗ್ನದ ಅರಿವೆ ತರಲು ಹೋಗುತ್ತಿದ್ದೇವೆಂದು ಹೇಳಿ ಗಂಡಹೆಂಡತಿ ಬಸ್ಸು ಹತ್ತಿದರು. ಬೆಟಗೇರಿಯ ದಾರಿಯಲ್ಲೊಂದು ಖಾಸಗಿ ದವಾಖಾನೆ. ಡಾಕ್ಟರ್ ದತ್ತಾತ್ರಿಯವರು ಐವತ್ತರ ಆಸುಪಾಸಿನವರು, ಎಲ್ಲರ ಜೊತೆಗೂ ಸಮಾಧಾನದಿಂದ ಮಾತಾಡುವವರು. ಪಿತ್ತದ ಚೀಲದಲ್ಲಿ ಹರಳಿರಬಹುದು, ನೋಡಿಯೇ ಹೇಳಬೇಕು ಎಂದರು. ಬರೀ ಎಕ್ಸರೇಯಲ್ಲಿ ಆ ಚೀಲ ಕಾಣುವುದಿಲ್ಲ. ಅದಕ್ಕೊಂದು ಔಷಧವಿದೆ.

“ಈ ಗುಳಗಿ ಮೊದಲು ಕಲೇಜಿಗೆ ಹೋಗ್ತಾವ. ಕಲೇಜಿ ಅದನ್ನ ಹಿಡಕೊಂಡು ಪಿತ್ತದ ಚೀಲಕ್ಕ ಕಳಸ್ತದ. ಆವಾಗ ಚೀಲ ಫೋಟೋದಾಗ ಬೆಳ್ಳಗ ಮೂಡ್ತದ. ಒಳಗ ಹರಳಿದ್ರ ಕಾಣ್ತಾವ.”

ಮಕ್ತುಮಸಾಬನಿಗೆ ಅದು ಥಟ್ಟನೆ ಹೊಳೆಯಿತು. ಚೊಕ್ಕ ತಿಕ್ಕಿದ ಪಾತ್ರೆಗೆ ತವರ ಹಿಡಿಯುತ್ತದೆ, ಜಿಡ್ಡಿದ್ದಲ್ಲಿ ಹಿಡಿಯುವುದಿಲ್ಲ. ಕಲೇಜಿ, ಅಂದರೆ ಯಕೃತ್ತು, ಚೊಕ್ಕವಿದ್ದರೆ ಔಷಧ ಹಿಡಿಯುತ್ತದೆ. ಹಿಡಿಯದಿದ್ದ ಔಷಧ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ದೊಡ್ಡವರ ಮುಂದೆ ಯಾಕೆ ಎಂದು ಸುಮ್ಮನಾದ.

ಗುಳಿಗೆಗಳನ್ನು ಕೊಟ್ಟು ವಿಧಾನ ಹೇಳಿದವನು ಎಕ್ಸರೇ ತೆಗೆಯುವ ಜಯತೀರ್ಥ. ಸಂಜೆ ಎಣ್ಣೆ, ತುಪ್ಪ, ಹಾಲು ಸೋಂಕದ ಅನ್ನ ಉಣ್ಣಬೇಕು. ಆಮೇಲೆ ಒಂದೊಂದಾಗಿ ಗುಳಿಗೆ ನುಂಗಬೇಕು. ಮರುದಿನ ಮುಂಜಾನೆ ಫೋಟೋ ಆಗುವ ತನಕ ಏನೂ ತಿನ್ನಬಾರದು. “ಆದ್ರ ನೀರು ಕುಡೀಲಿಕ್ಕೇ ಬೇಕ್ರಿ ತಾಯಿ. ರಾತ್ರಿನೂ, ಮುಂಜಾನಿನೂ. ಇಂಥಾ ಬಿಸಲಿದು. ಔಷಧ ಹೊರಗ ಹೋಗಬೇಕಂದ್ರ ಮೈಯಾಗ ನೀರಿರಬೇಕು” ಎಂದು ಒತ್ತಿ ಹೇಳಿದ. ಸುಗ್ರಾಬಿ ಸೆರಗಿನ ಮರೆಯಿಂದ ತಲೆಯಾಡಿಸಿದಳು. ಅದು ರಮಜಾನ ತಿಂಗಳೆಂದು ಆ ದವಾಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ? ಸಂಜೆಯಾದರೆ ಮಸೀದೆಯ ಕೂಗು ಅವರ ಕಿಟಕಿಗೂ ಬರುತ್ತಿತ್ತು. ಗೊತ್ತಿತ್ತು; ಇಂಥ ಜಡ್ಡಿನವಳು ಹಿಡಿದಿರಲಾರಳು ಎಂದುಕೊಂಡರು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಮನೆಗೆ ಬಂದು, ಸಂಜೆ ಮಸೀದೆಯ ಬಾಂಗಾದ ಮೇಲೆ ಸುಗ್ರಾಬಿ ಒಂದು ಖಜೂರಿಯಿಂದ ರೋಜಾ ಬಿಟ್ಟು, ಸಪ್ಪೆ ಅನ್ನ ಉಂಡು, ಗುಳಿಗೆ ನುಂಗಿದಳು. ಹೊಟ್ಟೆ ತೊಳಸತೊಡಗಿತು. ಕುಡಿದ ನೀರು ಕುಡಿದಂತೆ ಹೊರಗೆ ಬಂತು. ಭೇದಿಯೂ ಆಯಿತು. ಬೆಳಗಿನ ಜಾವ ಎಂದಿನಂತೆ ಎದ್ದು ದೀಪ ಹಚ್ಚಿದಳು. ಏನೂ ತಿನ್ನಬಾರದೆಂದು ಹೇಳಿದ್ದರಲ್ಲ, ಒಲೆ ಹಚ್ಚಲಿಲ್ಲ. ತಾಟು, ಬಟ್ಟಲು ಮಾತ್ರ ಸದ್ದಾಗುವ ಹಾಗೆ ಇಳಿಸಿಟ್ಟಳು, ರಸೂಲಬಿಗೆ ಕೇಳಲೆಂದು. ಒಂದು ಗುಟುಕು ನೀರು ಕುಡಿಯಲು ಹೋದಳು, ಅದೂ ನಿಲ್ಲಲಿಲ್ಲ. ಹಾಗೇ ಮನಸ್ಸಿನಲ್ಲಿ ರೋಜಾದ ನೇಮ ಮಾಡಿಕೊಂಡು ಮೊದಲ ಬಸ್ಸಿಗೆ ಹೊರಟಳು. ಮಕ್ತುಮಸಾಬ ಎಲ್ಲವನ್ನೂ ನೋಡಿದ. ಮುಂಡರಗಿಯ ಬಸ್ ನಿಲ್ದಾಣದ ಹಿಂದೆ ನಿಂತು ತಾನು ಮಾತ್ರ ಒಂದು ಕಪ್ಪು ಚಹಾ ಕುಡಿದ.

ಎಕ್ಸರೇ ಕೋಣೆಯಲ್ಲಿ ಅವಳನ್ನು ಹಾಸಿನ ಮೇಲೆ ಮಲಗಿಸಿ, ಉಸಿರು ಹಿಡಿಯಿರಿ ಎಂದು ಹೇಳುವ ಮೊದಲು ಜಯತೀರ್ಥ ಕೇಳಿದ, “ನೀರು ಕುಡದೀರಿಲ್ಲೋ ತಾಯಿ?”

ಸುಗ್ರಾಬಿಯ ಕಣ್ಣು ಬಾಗಿಲಲ್ಲಿ ನಿಂತ ಗಂಡನ ಕಡೆ ಹೊರಳಿತು. “ಕುಡದೀನ್ರಿ” ಎಂದಳು.

ಮಕ್ತುಮಸಾಬನ ನಾಲಿಗೆಯ ತುದಿಗೆ ಬಂದಿತ್ತು. ಇಲ್ಲ, ಕುಡಿದಿಲ್ಲ, ರೋಜಾದಲ್ಲಿದ್ದಾಳೆ. ಅಷ್ಟೇ ಮಾತು. ಆದರೆ ಬಾಯಲ್ಲಿ ಇನ್ನೂ ಚಹಾದ ಸಿಹಿ ಇತ್ತು. ಚಹಾ ಕುಡಿದ ಬಾಯಿಂದ, ಮನೆಯ ಪಾಲಿಗೆಲ್ಲ ಒಬ್ಬಳೇ ಉಪವಾಸ ಹಿಡಿದವಳ ರೋಜಾವನ್ನು ಮುರಿಸಲು ಅವನಿಗೆ ನಾಚಿಕೆಯಾಯಿತು. ಮಾತು ಹೊರಬಿದ್ದರೆ ಮತ್ತೊಮ್ಮೆ ಬನ್ನಿ ಎಂದು ಕಳಿಸುತ್ತಾರೆ, ಮತ್ತೆ ಬಸ್ಸು, ಮತ್ತೆ ಓಣಿಗೆ ಹೊಸ ಸುಳ್ಳು, ಎಂದೂ ಅನಿಸಿತು. ಸುಮ್ಮನೆ ನಿಂತ.

ಜಯತೀರ್ಥ ಅವಳ ತುಟಿ ನೋಡಿದ. ಒಣಗಿ ಸಿಪ್ಪೆ ಎದ್ದಿತ್ತು. ಅವನ ಮನೆಯಲ್ಲಿ ತಾಯಿ ಏಕಾದಶಿಗೆ ಹನಿ ನೀರೂ ಮುಟ್ಟದೆ ಇರುವವರು; ಅಂಥ ತುಟಿಗಳನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಅವನ ಕಣ್ಣಿಗೆ ಅದು ಜಡ್ಡಿನ ತುಟಿಯಾಗಿ ಕಾಣಲಿಲ್ಲ, ದೈವಭಕ್ತೆಯಾದ ಹೆಂಗಸಿನ ತುಟಿಯಾಗಿ ಕಂಡಿತು. ಅಂಥ ತುಟಿ ನೋಡಿ ಬೆಳೆಯದವನಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದನೇನೋ.

ಫೋಟೋದಲ್ಲಿ ಚೀಲ ಮೂಡಿರಲಿಲ್ಲ. ದತ್ತಾತ್ರಿಯವರು ಹಾಳೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದರು. ಕೆಲವರಿಗೆ ಒಂದು ಸಲಕ್ಕೆ ಹಿಡಿಯುವುದಿಲ್ಲ, ಇವತ್ತು ಸಂಜೆ ಇಮ್ಮಡಿ ಗುಳಿಗೆ ತೆಗೆದುಕೊಳ್ಳಲಿ, ನಾಳೆ ಮತ್ತೆ ನೋಡೋಣ ಎಂದರು. ಹಾಗೆ ಮಾಡುವುದು ಆಗಿನ ರೂಢಿಯೇ. ಆದರೂ ರಕ್ತ ಪರೀಕ್ಷೆ ಮಾಡಿಸಿ, ಕಲೇಜಿಯ ಹಣೆಬರಹ ತಿಳಿದುಕೊಂಡು ಕೊಟ್ಟಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಕಾಮಣಿ ಆಗಿತ್ತೇ ಎಂದು ಮೊದಲ ದಿನ ಕೇಳಿದ್ದರು. ಸುಗ್ರಾಬಿ ಇಲ್ಲವೆಂದಿದ್ದಳು. ಗದಗದಲ್ಲಿ ಆಡಿದ ಮಾತು ಲಕ್ಷ್ಮೇಶ್ವರಕ್ಕೆ ಹೋಗಲಾರದು ಎಂಬ ಭರವಸೆ ಅವಳಿಗಿರಲಿಲ್ಲ.

ಮನೆಗೆ ಬಂದ ಸಂಜೆ ಜನ್ನತಬಿ ತಾಯಿಯ ಎದುರಿಗೆ ನೀರಿನ ತಂಬಿಗೆ ಇಟ್ಟುಕೊಂಡು ಕೂತು ಅತ್ತಳು. ನಾಳೆಯೊಂದು ದಿನ ಬಿಡು, ನಾನೇ ದೀಪ ಹಚ್ಚಿ ಸಪ್ಪಳ ಮಾಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದಳು. ಎಂಥ ಸರಳ ಉಪಾಯ. ಸುಗ್ರಾಬಿ ತಂಬಿಗೆಯ ಕಡೆ ನೋಡಿದಳು. ಆಮೇಲೆ ಹೇಳಿದಳು:

“ಓಣ್ಯಾಗಿನವರಿಗೆ ತಿಳಿಯಂಗಿಲ್ಲ, ಖರೆ. ನಿನ್ನ ನಿಕಾ ಸುಸೂತ್ರ ಆಗಲಿ ಅಂತ ಈ ತಿಂಗಳದ ರೋಜಾ ಎಲ್ಲಾ ಬೇಡಿಕೊಂಡ ಹಿಡದೀನಿ. ನಡಕ ಬಿಟ್ಟು ಅಲ್ಲಾನ ಕಣ್ಣಿಗೆ ಮಣ್ಣು ಹಾಕಲೇನು?”

ಮಗಳು ತಂದೆಯ ಕಡೆ ನೋಡಿದಳು. ನೀನಾದರೂ ಹೇಳು ಎನ್ನುವ ನೋಟ ಅದು. ಮಕ್ತುಮಸಾಬ ಎದ್ದು ಅಂಗಳಕ್ಕೆ ಹೋದ. ಬೆಳಗಿನ ತನಕ ಅವನಿಗೆ ನಿದ್ದೆ ಹತ್ತಲಿಲ್ಲ. ಹತ್ತದಿದ್ದರೇನು ಬಂತು, ಒಳಗೆ ಹೋಗಿ ಗಂಡನೆಂಬ ಅಧಿಕಾರದಿಂದ ಕುಡಿ ಎಂದು ಗದರಲಿಲ್ಲ.

ಇಮ್ಮಡಿ ಗುಳಿಗೆ ಇಮ್ಮಡಿ ಕಾಡಿತು. ಮರುದಿನ ಬಸ್ಸಿನಲ್ಲಿ ಅವಳು ಗಂಡನ ತೋಳಿಗೆ ಒರಗಿದಳು, ಲಗ್ನವಾಗಿ ಇಷ್ಟು ವರ್ಷದಲ್ಲಿ ನಾಲ್ಕು ಜನರ ಎದುರಿಗೆ ಮೊದಲ ಬಾರಿ. ದವಾಖಾನೆಯಲ್ಲಿ ಜಯತೀರ್ಥ ಮತ್ತೆ ಅದೇ ಪ್ರಶ್ನೆ ಕೇಳಿದ, ಅವಳು ಮತ್ತೆ ಅದೇ ಉತ್ತರ ಕೊಟ್ಟಳು. ಈ ಸಲ ಅವಳು ಗಂಡನ ಕಡೆ ನೋಡಲೂ ಇಲ್ಲ. ಅವನು ಆಡುವುದಿಲ್ಲ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

ಒದ್ದೆ ಫೋಟೋವನ್ನು ಜಯತೀರ್ಥ ಕೈಯಲ್ಲಿ ಹಿಡಿದು ಹೊರಗೆ ಬಂದಾಗ ಅವನ ಹುಬ್ಬು ಗಂಟಾಗಿತ್ತು. ಪಿತ್ತದ ಚೀಲ ಇರಬೇಕಾದಲ್ಲಿ ಏನೂ ಇರಲಿಲ್ಲ, ಬರೀ ಕತ್ತಲೆ. ಆದರೆ ಬೆನ್ನೆಲುಬಿನ ಎರಡೂ ಮಗ್ಗುಲಲ್ಲಿ ಮೂತ್ರಪಿಂಡಗಳು ಮಂಜು ಹಿಡಿದಂತೆ ಬೆಳ್ಳಗೆ ಮೂಡಿದ್ದವು. ದತ್ತಾತ್ರಿಯವರು ಅದನ್ನು ನೋಡಿ ಕುರ್ಚಿಯಲ್ಲಿ ಕೂತರು. ಆಮೇಲೆ ಸುಗ್ರಾಬಿಯನ್ನು ಕರೆದು, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಕೇಳಿದರು. ಅವಳು ನೆಲ ನೋಡಿದಳು. ನಿನ್ನೆ ಮುಂಜಾನೆ ಎಂದು ಗಂಡನ ಕಿವಿಯಲ್ಲಿ ಹೇಳಿದಳು, ಅವನು ಅದನ್ನು ಡಾಕ್ಟರಿಗೆ ಹೇಳಿದ. ಹೆಂಡತಿಯ ಪರವಾಗಿ ಆ ದವಾಖಾನೆಯಲ್ಲಿ ಅವನು ಆಡಿದ ಮೊದಲ ಮಾತು ಅದು.

ಡಾಕ್ಟರು ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಆಗ ಎಲ್ಲ ಹೊರಗೆ ಬಂತು. ರೋಜಾ, ಕಾಮಣಿ, ಲಕ್ಷ್ಮೇಶ್ವರದ ಬೀಗರು, ನಿಲ್ಲದ ನೀರು, ಎಲ್ಲ. ಹೇಳುತ್ತ ಹೇಳುತ್ತ ಅವನ ಎದೆ ಹಗುರಾಗಬೇಕಿತ್ತು. ಡಾಕ್ಟರ ಮುಖ ನೋಡಿದಂತೆಲ್ಲ ಅದು ಭಾರವಾಗುತ್ತ ಹೋಯಿತು.

“ಅಕಿ ಕಲೇಜಿ ಮೊದಲ ಕೆಟ್ಟಿತ್ತು, ಔಷಧ ಹಿಡೀಲಿಲ್ಲ” ಎಂದರು ದತ್ತಾತ್ರಿ. “ಕಲೇಜಿ ಹಿಡೀದ ಔಷಧ ಮೂತ್ರಪಿಂಡಕ್ಕ ಹೋಗ್ತದ. ಅಲ್ಲೆ ನೀರಿದ್ರ ತೊಳಕೊಂಡು ಹೋಗ್ತಿತ್ತು. ನೀರಿರಲಿಲ್ಲ. ಮ್ಯಾಲೆ ನಾ ಮತ್ತ ಇಮ್ಮಡಿ ಕೊಟ್ಟೆ.” ಆಮೇಲೆ, “ಮಕ್ತುಮಸಾಬ, ಒಂದ ಮಾತು ಹೇಳೂದಲ್ಲೇನು?” ಎಂದರು. ಗದರಿಕೆ ಇರಲಿಲ್ಲ ಅದರಲ್ಲಿ. ತಮ್ಮನ್ನೂ ಸೇರಿಸಿಕೊಂಡು ಕೇಳಿದ ಹಾಗಿತ್ತು.

ಮೊದಲ ದಿನ ಕೇಳದೆ ನುಂಗಿಕೊಂಡ ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿತು.

ಸುಗ್ರಾಬಿಯನ್ನು ಅಲ್ಲೇ ಇಟ್ಟುಕೊಂಡರು. ಸಲಾಯಿನ್ ಹಚ್ಚಿದರು, ಮೂತ್ರ ಬರಿಸುವ ಸೂಜಿ ಚುಚ್ಚಿದರು. ಬರಲಿಲ್ಲ. ಒಂದು ದಿನ ನೋಡಿ ಸಲಾಯಿನ್ನನ್ನೂ ತೆಗೆದರು. ರಕ್ತ ಸೋಸುವ ಯಂತ್ರ ದೂರದ ದೊಡ್ಡ ಊರುಗಳಲ್ಲಿತ್ತು. ಅಲ್ಲಿಯ ತನಕ ಅವಳು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಮುಖ ಬಾತಿತು. ಕಣ್ಣಿಗೆ ಮತ್ತೆ ಹಳದಿ ಬಂತು. ಜನ್ನತಬಿ ಬಂದು ತಾಯಿಯ ಕಾಲ ಬಳಿ ಕೂತಳು. ಬಾವು ಬಂದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು, ಒತ್ತಿದಲ್ಲಿ ಬೆರಳಿನ ಕುಣಿ ಉಳಿಯುತ್ತಿತ್ತು.

ಆಗ ಸುಗ್ರಾಬಿ ನೀರು ಕೇಳತೊಡಗಿದಳು.

ಅದನ್ನು ಹೇಗೆ ಹೇಳಲಿ. ಕುಡಿ ಕುಡಿ ಎಂದು ಎಲ್ಲರೂ ಹೇಳಿದಾಗ ಕುಡಿಯದಿದ್ದವಳು ಕೇಳಿದಾಗ, ನೀರು ಕೊಡಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಎದೆಗೇರಿ ಉಸಿರು ಕಟ್ಟುತ್ತದೆ. ಅರಿವೆಯ ತುದಿ ನೆನಸಿ ತುಟಿಗೆ ಹಚ್ಚಿರಿ ಸಾಕು ಎಂದಿದ್ದರು. ಮಕ್ತುಮಸಾಬ ಅರಿವೆ ನೆನಸಿ ಹಚ್ಚುತ್ತಿದ್ದ. ಅವಳು ಅದನ್ನು ಕೂಸಿನಂತೆ ಚೀಪುತ್ತಿದ್ದಳು. ಅವನಿಗೆ ಬೇವಿನ ಗಿಡದ ಹಿಂದಿನ ತನ್ನ ತಂಬಿಗೆ ನೆನಪಾಗುತ್ತಿತ್ತು, ಎಷ್ಟು ವರ್ಷದ ಎಷ್ಟು ತಂಬಿಗೆ.

ಒಂದು ಮಧ್ಯಾಹ್ನ ಅವಳ ಉಸಿರಿನ ಲಯ ಬದಲಾಯಿತು. ದತ್ತಾತ್ರಿಯವರು ಬಂದು ನಾಡಿ ಹಿಡಿದು ನೋಡಿ, ಜನ್ನತಬಿಯ ತಲೆ ಮುಟ್ಟಿ ಹೋದರು. ಸುಗ್ರಾಬಿ ಕಣ್ಣು ತೆರೆದಳು. ಹೊತ್ತಿನ ಗುರುತು ಅವಳಿಗೆ ಇರಲಿಲ್ಲ. ಕಿಟಕಿಗೆ ಪರದೆ ಎಳೆದದ್ದರಿಂದ ಕೋಣೆ ಮಬ್ಬಾಗಿತ್ತು.

“ಬಾಂಗ್ ಆತೇನ್ರಿ?” ಎಂದಳು.

ಹೊರಗೆ ಸೂರ್ಯ ನಡುನೆತ್ತಿಯಲ್ಲಿದ್ದ. ಸಂಜೆಯ ಬಾಂಗಿಗೆ ಅರ್ಧ ಹಗಲು ಬಾಕಿಯಿತ್ತು. ಮಕ್ತುಮಸಾಬ ಮಗಳ ಮುಖ ನೋಡಿದ. ಅವಳು ಮುಖ ಆಚೆ ತಿರುಗಿಸಿಕೊಂಡಳು.

“ಆತು” ಎಂದ ಅವನು. “ಬಿಡು ರೋಜಾ.”

ಹೆಗಲಿಗೆ ಕೈ ಕೊಟ್ಟು ಎಬ್ಬಿಸಿ, ತಂಬಿಗೆಯನ್ನೇ ತುಟಿಗೆ ಹಿಡಿದ. ಅವಳು ಬಿಸ್ಮಿಲ್ಲಾ ಎಂದು, ಕಣ್ಣು ಮುಚ್ಚಿ, ಗಟಗಟ ಕುಡಿದಳು. ಅರ್ಧ ನೀರು ಗಲ್ಲದ ಮೇಲೆ, ಕೊರಳ ಮೇಲೆ ಹರಿಯಿತು. ತಂಪಾಯಿತು ಎಂಬಂತೆ ಅವನ ಮುಂಗೈ ಹಿಡಿದಳು, ಹಳೆಯ ಸುಟ್ಟ ಕಲೆ ಇದ್ದಲ್ಲಿ. ಆ ಸಂಜೆ ನಿಜವಾದ ಬಾಂಗು ಕೂಗಿದಾಗ ಅವಳು ಇರಲಿಲ್ಲ.

ಹೆಣವನ್ನು ಮುಂಡರಗಿಗೆ ತಂದು ಮಣ್ಣು ಮಾಡಿದರು. ಊರಿಗೆ ಊರೇ ಬಂದಿತ್ತು. ಹೊಟ್ಟೆನೋವು ಜೋರಾಗಿ, ದವಾಖಾನೆಗೆ ಒಯ್ದರೂ ಉಳಿಯಲಿಲ್ಲ ಎಂದಷ್ಟೇ ಜನಕ್ಕೆ ಗೊತ್ತಿತ್ತು. ರಮಜಾನದಲ್ಲಿ, ರೋಜಾ ಹಿಡಿದೇ ಹೋದಳು, ಎಂಥ ಪುಣ್ಯವಂತೆ ಎಂದು ರಸೂಲಬಿ ಎದೆ ಬಡಿದುಕೊಂಡು ಅತ್ತಳು. ಅವಳ ಅಳು ನಿಜದ ಅಳು. ಗೋರಿಗೆ ಮಣ್ಣು ಹಾಕುವಾಗ ನಾಲ್ಕಾರು ಜನ ಮಕ್ತುಮಸಾಬನ ಹೆಗಲು ಮುಟ್ಟಿ, ಇಂಥ ಹೆಂಡತಿ ಪಡೆಯಲು ಪುಣ್ಯ ಮಾಡಿರಬೇಕು ಎಂದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಹಬ್ಬ ಬಂದು ಹೋಯಿತು. ಜನ್ನತಬಿ ಒಲೆ ಹಚ್ಚಿದಳು, ಶೀರಕುರ್ಮಾ ಮಾಡಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಲಕ್ಷ್ಮೇಶ್ವರದಿಂದ ಮರ್ದಾನಸಾಬ ಬಂದ. ಬಿಳಿ ಗಡ್ಡ, ಅತ್ತರದ ವಾಸನೆ, ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿ. ಕಂಬಳಿಯ ಮೇಲೆ ಕೂತು ದುಃಖದ ಮಾತಾಡಿದ. ಜನ್ನತಬಿ ನೀರಿನ ತಂಬಿಗೆ ತಂದು ಅವನ ಮುಂದಿಟ್ಟು ಬಾಗಿಲ ಮರೆಗೆ ಸರಿದಳು. ದುಃಖದ ಮನೆ ಎಂದು ನಿಕಾ ಮುಂದೂಡುವುದಿಲ್ಲ, ತಾಯಿಯಿಲ್ಲದ ಮಗಳನ್ನು ಬೇಗ ತಮ್ಮ ಮನೆಗೆ ಕರೆದುಕೊಳ್ಳುತ್ತೇವೆ ಎಂದ ಅವನು. ದೊಡ್ಡ ಮಾತು ಅದು. ಸುಗ್ರಾಬಿ ತುಟಿ ಕಚ್ಚಿ ಕಾಯ್ದದ್ದೆಲ್ಲ ಆ ಒಂದು ಮಾತಿಗಾಗಿ. ಮಕ್ತುಮಸಾಬ ಕೈ ಮುಗಿದ.

ಮರ್ದಾನಸಾಬ ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಅವನು ಪ್ರೀತಿಯಿಂದಲೇ ಮುಂದುವರಿದ:

“ಇಂಥಾ ತಾಯಿ ಹೊಟ್ಟ್ಯಾಗ ಹುಟ್ಟಿದಾಕಿ. ನಮ್ಮ ಮನ್ಯಾಗೂ ಅವರವ್ವನಂಗ ಇರತಾಳ. ಪ್ರಾಣ ಹೋದ್ರೂ ರೋಜಾ ಬಿಡಾಕಿ ಅಲ್ಲ.”

ಮಕ್ತುಮಸಾಬನ ಕಣ್ಣ ಮುಂದೆ ಆ ಹಾಳೆ ಬಂತು. ಕತ್ತಲೆ, ಆ ಕತ್ತಲೆಯಲ್ಲಿ ಬೆಳ್ಳಗೆ ಮೂಡಿದ ಎರಡು ಮೂತ್ರಪಿಂಡ. ಅದು ಸುಗ್ರಾಬಿಯದಲ್ಲ, ಜನ್ನತಬಿಯದು ಎಂದು ಅನಿಸಿಬಿಟ್ಟಿತು. ಲಕ್ಷ್ಮೇಶ್ವರದ ಮನೆಯಲ್ಲಿ, ಬಸುರಿಯೋ ಬಾಣಂತಿಯೋ ಆಗಿ, ಹೊಟ್ಟೆ ಹಿಡಿದುಕೊಂಡು, ಕುಡದೀನ್ರಿ ಎಂದು ಸುಳ್ಳು ಹೇಳುತ್ತಿರುವ ಜನ್ನತಬಿ. ಅವನಿಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

“ಹಂಗ ಇರೂದು ಬ್ಯಾಡ್ರಿ” ಎಂದ.

ಮರ್ದಾನಸಾಬ ತಿಳಿಯದೆ ನಕ್ಕ. ಮಕ್ತುಮಸಾಬ ನಗಲಿಲ್ಲ.

“ಅಕಿಗೆ ಕಾಮಣಿ ಆಗಿತ್ರಿ. ನಿಮಗ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ವಿ. ನೀರು ಕುಡಿ ಅಂತ ದವಾಖಾನ್ಯಾಗ ಸಾರಿ ಸಾರಿ ಹೇಳಿದ್ರು. ರೋಜಾ ಬಿಟ್ರ ಜಡ್ಡು ಐತಿ ಅಂತ ಸುದ್ದಿ ಆಗತೈತಿ ಅಂತ ಅಕಿ ಕುಡೀಲಿಲ್ಲ. ಕುಡದೀನಿ ಅಂತ ಸುಳ್ಳ ಹೇಳಿದ್ಲು. ನಾ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈ ಹುಡುಗಿ ಹಂಗ ಇರೂದು ಬ್ಯಾಡ್ರಿ. ಬೇನಿ ಬಂದ್ರ ರೋಜಾ ಬಿಡಸ್ರಿ. ಅಷ್ಟ ನನಗ ಮಾತು ಕೊಡ್ರಿ.”

ಮರ್ದಾನಸಾಬನ ಮುಖದಿಂದ ನಗೆ ಮೆಲ್ಲಗೆ ಇಳಿಯಿತು. ಕಾಮಣಿ ಎಂಬ ಮಾತಿನಾಚೆಗೆ ಅವನು ಏನನ್ನೂ ಕೇಳಿರಲಿಲ್ಲವೆಂದು ತೋರುತ್ತದೆ. ಮೊದಲ ಸೊಸೆ, ಎರಡು ತಬ್ಬಲಿ ಕೂಸು, ಊರ ಬಾಯಿ, ಎಲ್ಲ ಅವನ ಕಣ್ಣಲ್ಲಿ ಹಾದುಹೋಯಿತು. ಅವನು ಕೂಗಾಡಲಿಲ್ಲ, ಮೋಸ ಮಾಡಿದಿರಿ ಎನ್ನಲೂ ಇಲ್ಲ. ಟೊಪ್ಪಿಗೆ ಸರಿಮಾಡಿಕೊಂಡು ಎದ್ದ. ಮನೆಯಲ್ಲಿ ಕೇಳಿ ಹೇಳಿ ಕಳಿಸುತ್ತೇನೆ ಎಂದ. ಅದರ ಅರ್ಥ ಏನೆಂದು ಹೆಣ್ಣು ಹೆತ್ತ ಎಲ್ಲರಿಗೂ ಗೊತ್ತು. ಎದುರು ಮನೆಯ ರಸೂಲಬಿ ಅವನು ಇಷ್ಟು ಬೇಗ ಹೊರಟದ್ದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಮಕ್ತುಮಸಾಬ ಕಂಬಳಿಯ ಮೇಲೆ ಹಾಗೇ ಕೂತಿದ್ದ. ತಾನು ಒಳ್ಳೆಯದು ಮಾಡಿದೆನೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ. ಒಂದು ಮಾತು ಆಡದೆ ಒಬ್ಬಳನ್ನು ಕಳೆದುಕೊಂಡಿದ್ದ. ಇನ್ನೊಬ್ಬಳನ್ನು ಉಳಿಸಿಕೊಂಡೆನಲ್ಲ ಎಂಬ ಸಣ್ಣ ಸಮಾಧಾನವೊಂದು ಒಳಗೆಲ್ಲೋ ಇತ್ತು. ಜನ್ನತಬಿ ಬಾಗಿಲ ಮರೆಯಿಂದ ಹೊರಗೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಅವ್ವ ಇದಕ್ಕಂತನ ಸತ್ಲಪ್ಪಾ” ಎಂದಳು. “ಅವತ್ತ ದವಾಖಾನ್ಯಾಗ ಆಡೂ ಮಾತನ್ನ ಇವತ್ತ ಯಾಕ ಆಡಿದಿ?”

ಮರ್ದಾನಸಾಬ ಮುಟ್ಟದೆ ಬಿಟ್ಟುಹೋದ ನೀರಿನ ತಂಬಿಗೆಯನ್ನು ಎತ್ತಿಕೊಂಡು ಜನ್ನತಬಿ ಒಳಗೆ ಹೋದಳು.